ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿ: ರೋಗಿಯ ಕಡೆಯಿಂದ ಒಂದು ವಿಮರ್ಶೆ

ಮೊಬೈಲು, ಹೋಟೆಲು, ಬಸ್ಸಿನ ಟಿಕೆಟ್ ಕಾಯ್ದಿರಿಸುವ ಆ್ಯಪು ಇವುಗಳ ಬಗ್ಗೆ ನಾವು ವಿಮರ್ಶೆಗಳನ್ನು ಓದುತ್ತೇವೆ, ಬರೆಯುತ್ತೇವೆ. ನಮ್ಮ ದೇಹಕ್ಕೇ ಸಂಬಂಧಿಸಿದ, ಪೂರ್ತಿ ಉಚಿತವಾದ ಒಂದು ಸರ್ಕಾರಿ ಸೇವೆಯ ಬಗ್ಗೆ ಮಾತ್ರ ಕನ್ನಡದಲ್ಲಿ ಬರೆದವರು ಕಡಿಮೆ. ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿ ಇಂಡಿಯಾ ಎಂಬುದು ಅದರ ಪೂರ್ಣ ಹೆಸರು. ವೈದ್ಯಕೀಯ ವಲಯದಲ್ಲಿ ಎಲ್ಲರೂ ಸಿಟಿಆರ್‌ಐ ಎಂದೇ ಕರೆಯುತ್ತಾರೆ. ಹೊಸ ಔಷಧ, ಲಸಿಕೆ, ಶಸ್ತ್ರಕ್ರಿಯೆ, ಆಯುರ್ವೇದದ ಕಷಾಯ, ಯೋಗದ ಕ್ರಮ, ಹೀಗೆ ಯಾವುದನ್ನೇ ಜನರ ಮೇಲೆ ಪರೀಕ್ಷಿಸಿ ನೋಡುವ ಅಧ್ಯಯನವನ್ನು ಸಂಶೋಧಕರು ಇಲ್ಲಿ ಮುಂಚಿತವಾಗಿ ನೋಂದಾಯಿಸುತ್ತಾರೆ. ಆ ದಾಖಲೆಯನ್ನು ಯಾರು ಬೇಕಾದರೂ, ಹೆಸರು ವಿಳಾಸ ಕೊಡದೆ, ಜಾಲತಾಣಕ್ಕೆ ಹೋಗಿ ಓದಬಹುದು.

ನಾನು ವೈದ್ಯನಲ್ಲ, ನಿವೃತ್ತ ಪ್ರೌಢಶಾಲಾ ಶಿಕ್ಷಕ. ಜನರ ಮೇಲೆ ನಡೆಯುವ ಸಂಶೋಧನೆಗಳನ್ನು ಪರಿಶೀಲಿಸಿ ಒಪ್ಪಿಗೆ ಕೊಡುವ, ವೈದ್ಯಕೀಯ ಕಾಲೇಜೊಂದರ ನೈತಿಕ ಸಮಿತಿಯಲ್ಲಿ ಸಾಮಾನ್ಯ ನಾಗರಿಕರ ಪರವಾಗಿ ಕೂರುವ ಸದಸ್ಯನಾಗಿರುವುದರಿಂದ ಈ ಜಾಲತಾಣವನ್ನು ಮತ್ತೆ ಮತ್ತೆ ತೆರೆಯಬೇಕಾಗುತ್ತದೆ. ಪರಿಚಯದ ಕುಟುಂಬಗಳವರು ‘ಆಸ್ಪತ್ರೆಯಲ್ಲಿ ಏನೋ ಸಂಶೋಧನೆಗೆ ಸೇರಿ ಅಂತಿದ್ದಾರೆ’ ಎಂದು ಕೇಳಿಕೊಂಡು ಬಂದಾಗಲೂ ತೆರೆಯುತ್ತೇನೆ. ಈ ಎರಡೂ ಬಗೆಯ ಬಳಕೆಯ ಮೇಲೆ ನನ್ನ ಅಭಿಪ್ರಾಯ ನಿಂತಿದೆ. ದಾಖಲೆಯ ಮಟ್ಟಿಗೆ ಸಿಟಿಆರ್‌ಐ ನಂಬಿಕೆಗೆ ಅರ್ಹವಾದದ್ದು, ಅದಿಲ್ಲದೆ ಸಾಮಾನ್ಯ ಜನರ ಕೈಯಲ್ಲಿ ಏನೂ ಇರುತ್ತಿರಲಿಲ್ಲ. ಆದರೆ ರೋಗಿಗಳನ್ನೂ ಅವರ ಊರು ಕೇರಿಗಳನ್ನೂ ಸಂಶೋಧನೆಯ ಪಾಲುದಾರರೆಂದು ಕಾಣುವ ದೃಷ್ಟಿ ಆ ದಾಖಲೆಯ ಯಾವ ಅಂಕಣದಲ್ಲೂ ಇನ್ನೂ ಬಂದಿಲ್ಲ, ಮತ್ತು ಅದನ್ನು ತರುವುದು ಕಷ್ಟದ ಕೆಲಸವೂ ಅಲ್ಲ.

ನೋಂದಣಿ ಏಕೆ ಬೇಕಾಯಿತು ಎಂಬುದನ್ನು ಮೊದಲು ಹೇಳಬೇಕು. ಒಂದು ಕಂಪನಿ ಹತ್ತು ಪ್ರಯೋಗ ನಡೆಸಿ, ಅನುಕೂಲವಾದ ಫಲಿತಾಂಶ ಬಂದ ಎರಡನ್ನು ಮಾತ್ರ ಪ್ರಕಟಿಸಿ, ಉಳಿದ ಎಂಟನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರೆ ಔಷಧ ಬರೆದುಕೊಡುವ ವೈದ್ಯರಿಗೂ ಅದನ್ನು ನುಂಗುವ ರೋಗಿಗೂ ಸತ್ಯ ತಿಳಿಯುವ ದಾರಿಯೇ ಇರುವುದಿಲ್ಲ. 2004ರಲ್ಲಿ ನ್ಯೂಯಾರ್ಕ್ ರಾಜ್ಯದ ಅಟಾರ್ನಿ ಜನರಲ್ ಗ್ಲ್ಯಾಕ್ಸೊ ಸ್ಮಿತ್‌ಕ್ಲೈನ್ ಕಂಪನಿಯ ಮೇಲೆ ಹೂಡಿದ ಮೊಕದ್ದಮೆಯ ತಿರುಳು ಇದೇ ಆಗಿತ್ತು: ಖಿನ್ನತೆಗೆ ಕೊಡುವ ಪ್ಯಾರೊಕ್ಸೆಟೀನ್ ಮಕ್ಕಳಲ್ಲಿ ಹೇಗೆ ಕೆಲಸ ಮಾಡುತ್ತದೆ ಎಂಬ ಅಧ್ಯಯನಗಳ ಪ್ರತಿಕೂಲ ಮಾಹಿತಿಯನ್ನು ಮುಚ್ಚಿಟ್ಟ ಆರೋಪ. ಅದೇ ವರ್ಷ ಪ್ರಮುಖ ವೈದ್ಯಕೀಯ ಪತ್ರಿಕೆಗಳ ಸಂಪಾದಕರು ಒಟ್ಟಾಗಿ, ಮುಂಚಿತವಾಗಿ ನೋಂದಣಿಯಾಗದ ಪ್ರಯೋಗಗಳನ್ನು ತಾವು ಪ್ರಕಟಿಸುವುದಿಲ್ಲ ಎಂದು ಘೋಷಿಸಿದರು. 2008ರಲ್ಲಿ, ವೈದ್ಯಕೀಯ ಸಂಶೋಧನೆಯ ನೀತಿಗಳನ್ನು ಹೇಳುವ ಅಂತರರಾಷ್ಟ್ರೀಯ ಹೆಲ್ಸಿಂಕಿ ಘೋಷಣೆಗೂ ಈ ಮಾತು ಸೇರಿತು.

ನಮ್ಮ ಸಿಟಿಆರ್‌ಐ ಆರಂಭವಾದದ್ದು 2007ರ ಜುಲೈ 20ರಂದು, ದೆಹಲಿಯಲ್ಲಿರುವ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಅಂದರೆ ಐಸಿಎಂಆರ್‌ನ ವೈದ್ಯಕೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿ. ಮೊದಲು ನೋಂದಣಿ ಸಂಶೋಧಕರ ಇಚ್ಛೆಗೆ ಬಿಟ್ಟದ್ದಾಗಿತ್ತು. 2009ರ ಜೂನ್ 15ರಿಂದ ಔಷಧ ಮಹಾನಿಯಂತ್ರಕರು ಅದನ್ನು ಕಡ್ಡಾಯ ಮಾಡಿದರು. ಅದಾದ ಮೇಲೂ ಕೆಲಸ ಮುಗಿಸಿ ನಂತರ ನೋಂದಾಯಿಸುವ ಅಭ್ಯಾಸ ಉಳಿದಿತ್ತು. 2018ರ ಏಪ್ರಿಲ್ 1ರಿಂದ ಅದಕ್ಕೂ ತಡೆ ಬಿತ್ತು, ಮೊದಲ ರೋಗಿಯನ್ನು ಸೇರಿಸಿಕೊಳ್ಳುವ ಮುನ್ನ ಬಂದ ಅರ್ಜಿಗಳನ್ನು ಮಾತ್ರ ಸ್ವೀಕರಿಸಲಾಗುತ್ತಿದೆ. ವಿಶ್ವ ಆರೋಗ್ಯ ಸಂಸ್ಥೆಯ ಜಾಲದಲ್ಲಿ ಇದು ಪ್ರಾಥಮಿಕ ನೋಂದಣಿಯ ಸ್ಥಾನ ಪಡೆದಿದೆ. ಆಯುಷ್ ಪದ್ಧತಿಗಳ ಪ್ರಯೋಗಗಳಿಗೂ ಸ್ನಾತಕೋತ್ತರ ವಿದ್ಯಾರ್ಥಿಗಳ ಪ್ರಬಂಧಗಳಿಗೂ ಇಲ್ಲಿ ಜಾಗವಿರುವುದು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ, ಏಕೆಂದರೆ ನಮ್ಮ ಜಿಲ್ಲಾ ಕೇಂದ್ರಗಳ ಆಸ್ಪತ್ರೆಗಳಲ್ಲಿ ರೋಗಿಗೆ ಎದುರಾಗುವ ಸಂಶೋಧನೆ ವಿದೇಶಿ ಕಂಪನಿಯದ್ದಾಗಿರುವುದಕ್ಕಿಂತ ಎಂಡಿ ಓದುತ್ತಿರುವ ಯುವ ವೈದ್ಯರದ್ದಾಗಿರುವುದೇ ಹೆಚ್ಚು.

ಒಂದು ದಾಖಲೆ ಹೇಗಿರುತ್ತದೆ, ಅದರಿಂದ ರೋಗಿಗೆ ಏನು ಸಿಗುತ್ತದೆ ಎಂಬುದನ್ನು ಒಂದು ಪ್ರಸಂಗದ ಮೂಲಕವೇ ಹೇಳುತ್ತೇನೆ. ಪರಿಚಯದ ಮನೆಯೊಂದರ ಸೊಸೆಗೆ ಐದನೆಯ ತಿಂಗಳು. ರಕ್ತ ಕಡಿಮೆಯಿದೆ ಎಂದು ಹೇಳಿದ ಆಸ್ಪತ್ರೆಯವರು, ಕಬ್ಬಿಣಾಂಶವನ್ನು ಮಾತ್ರೆಯಾಗಿ ಕೊಡುವುದಕ್ಕೂ ಡ್ರಿಪ್ ಮೂಲಕ ಕೊಡುವುದಕ್ಕೂ ಇರುವ ವ್ಯತ್ಯಾಸ ನೋಡುವ ಅಧ್ಯಯನಕ್ಕೆ ಸೇರುವಂತೆ ಕೇಳಿದ್ದರು. ಅತ್ತೆ ಒಪ್ಪಿಗೆ ಪತ್ರ ಹಿಡಿದುಕೊಂಡು ಬಂದು, ‘ಮೇಷ್ಟ್ರೇ, ಮಾತ್ರೆಯೋ ಡ್ರಿಪ್ಪೋ ಅಂತ ಕಂಪ್ಯೂಟರ್‌ನಲ್ಲಿ ಚೀಟಿ ಎತ್ತಿದ ಹಾಗೆ ತೀರ್ಮಾನ ಮಾಡ್ತಾರಂತೆ. ಇದು ನಮ್ಮ ಹುಡುಗಿ ಒಳ್ಳೇದಕ್ಕೋ, ಅವರ ಓದಿಗೋ?’ ಎಂದು ಕೇಳಿದರು. ಇದಕ್ಕಿಂತ ನೇರವಾದ ಪ್ರಶ್ನೆಯನ್ನು ನಾನು ನಮ್ಮ ಸಮಿತಿಯ ಸಭೆಗಳಲ್ಲೂ ಕೇಳಿಲ್ಲ.

ಒಪ್ಪಿಗೆ ಪತ್ರದಲ್ಲಿ ನೋಂದಣಿ ಸಂಖ್ಯೆ ಅಚ್ಚಾಗಿರಲಿಲ್ಲ. ಅಧ್ಯಯನದ ಶೀರ್ಷಿಕೆಯ ಪದಗಳನ್ನು ಇಂಗ್ಲಿಷಿನಲ್ಲಿ ಹಾಕಿ ಹುಡುಕಬೇಕಾಯಿತು, ಒಂದೇ ವಿಷಯದ ಹಲವು ದಾಖಲೆಗಳ ನಡುವೆ ಆಸ್ಪತ್ರೆಯ ಹೆಸರು ಹಿಡಿದು ಸರಿಯಾದದ್ದನ್ನು ಪತ್ತೆ ಮಾಡಬೇಕಾಯಿತು. ಸಿಕ್ಕಿದ ಮೇಲೆ ಮಾತ್ರ ಅದು ಬಹಳ ಮಾತಾಡಿತು. ಮೇಲ್ಭಾಗದಲ್ಲೇ ಸ್ನಾತಕೋತ್ತರ ಪ್ರಬಂಧವೇ ಎಂಬ ಅಂಕಣವಿದ್ದು, ಅಲ್ಲಿ ಹೌದು ಎಂದಿತ್ತು. ಹಾಗಾಗಿ ಅತ್ತೆಯ ಅನುಮಾನದ ಅರ್ಧಕ್ಕೆ ಉತ್ತರ ಅಲ್ಲೇ ಸಿಕ್ಕಿತು, ಇದು ಅವರ ಓದಿಗೂ ಹೌದು. ಹಣ ಎಲ್ಲಿಂದ, ಪ್ರಾಯೋಜಕರು ಯಾರು ಎಂಬ ಅಂಕಣಗಳಲ್ಲಿ ಕಾಲೇಜಿನ ಹೆಸರೇ ಇತ್ತು, ಔಷಧ ಕಂಪನಿಯದ್ದಿರಲಿಲ್ಲ. ಯಾವುದನ್ನು ಯಾವುದರ ಜೊತೆ ಹೋಲಿಸುತ್ತಾರೆ ಎಂಬ ಅಂಕಣದಲ್ಲಿ ಎರಡು ಗುಂಪಿಗೂ ಕಬ್ಬಿಣಾಂಶ ಸಿಗುತ್ತದೆ, ಯಾರನ್ನೂ ಸುಮ್ಮನೆ ಬಿಡುವುದಿಲ್ಲ ಎಂಬುದು ಸ್ಪಷ್ಟವಾಗಿತ್ತು. ಯಾವ ನೈತಿಕ ಸಮಿತಿ ಎಂದು ಒಪ್ಪಿಗೆ ಕೊಟ್ಟಿತು, ಒಟ್ಟು ಎಷ್ಟು ಗರ್ಭಿಣಿಯರನ್ನು ಸೇರಿಸಿಕೊಳ್ಳುತ್ತಾರೆ, ಯಾರನ್ನು ಸೇರಿಸಿಕೊಳ್ಳುವುದಿಲ್ಲ, ಇಷ್ಟೂ ಇತ್ತು. ಸಾರ್ವಜನಿಕರ ವಿಚಾರಣೆಗೆ ಎಂದು ಕೊಟ್ಟಿದ್ದ ದೂರವಾಣಿ ಸಂಖ್ಯೆಗೆ ಕರೆ ಮಾಡಿದಾಗ ಅಧ್ಯಯನ ನಡೆಸುತ್ತಿದ್ದ ಯುವ ವೈದ್ಯೆಯೇ ಎತ್ತಿಕೊಂಡು, ತಾಳ್ಮೆಯಿಂದ ಕನ್ನಡದಲ್ಲೇ ವಿವರಿಸಿದರು. ದೇಶದ ರಾಜಧಾನಿಯಲ್ಲಿರುವ ಒಂದು ದತ್ತಾಂಶ ಕೋಶ ತಾಲ್ಲೂಕಿನ ಒಂದು ಮನೆಯ ಜಗುಲಿಯಲ್ಲಿ ಈ ಮಟ್ಟಿಗೆ ಉಪಯೋಗಕ್ಕೆ ಬಂದದ್ದು ಸಣ್ಣ ಮಾತಲ್ಲ. ಯಾವ ಹಿಂಜರಿಕೆಯೂ ಇಲ್ಲದೆ ನಾನು ಇದನ್ನು ಸೇವೆಯ ಹಿರಿಮೆ ಎಂದು ಹೇಳುತ್ತೇನೆ.

ಅಷ್ಟು ಹೊತ್ತೂ ಸುಮ್ಮನೆ ಕೂತಿದ್ದ ಸೊಸೆ ಆಮೇಲೆ ಎರಡು ಪ್ರಶ್ನೆ ಕೇಳಿದಳು. ‘ಮಧ್ಯದಲ್ಲಿ ಬೇಡ ಅನ್ನಿಸಿದರೆ ಬಿಡಬಹುದಾ ಸಾರ್?’ ಎಂಬುದು ಒಂದು. ‘ರಕ್ತ ಪರೀಕ್ಷೆಗೆ ಅಂತ ಮತ್ತೆ ಮತ್ತೆ ಬಾ ಅಂತಾರೆ. ಬಸ್ಸೇನೋ ಹೆಂಗಸರಿಗೆ ಪುಕ್ಕಟೆ, ಜೊತೆಗೆ ಬರೋರ ಒಂದು ದಿನದ ಕೂಲಿ ಯಾರು ಕೊಡ್ತಾರೆ?’ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಒಪ್ಪಿಗೆ ಪತ್ರದಲ್ಲಿ ಉತ್ತರವಿತ್ತು: ಯಾವಾಗ ಬೇಕಾದರೂ ಬಿಡಬಹುದು, ಅದರಿಂದ ಮಾಮೂಲಿ ಚಿಕಿತ್ಸೆಗೆ ತೊಂದರೆಯಾಗುವುದಿಲ್ಲ. ಎರಡನೆಯದಕ್ಕೆ ಪತ್ರದಲ್ಲೂ ಉತ್ತರವಿರಲಿಲ್ಲ, ಸಿಟಿಆರ್‌ಐ ದಾಖಲೆಯಲ್ಲೂ ಇರಲಿಲ್ಲ. ಅಧ್ಯಯನವನ್ನು ರೂಪಿಸುವ ಹೊತ್ತಿನಲ್ಲಿ ಆ ಊರಿನ ನಾಲ್ಕು ಗರ್ಭಿಣಿಯರನ್ನೋ ಒಬ್ಬ ಆಶಾ ಕಾರ್ಯಕರ್ತೆಯನ್ನೋ ಪಕ್ಕದಲ್ಲಿ ಕೂರಿಸಿಕೊಂಡು ಮಾತಾಡಿಸಿದ್ದರೆ ಈ ಪ್ರಶ್ನೆ ಮೊದಲ ಐದು ನಿಮಿಷದಲ್ಲೇ ಬಂದುಬಿಡುತ್ತಿತ್ತು. ಹೀಗೆ ಬಿಟ್ಟುಹೋದ ಪ್ರಶ್ನೆಗಳಿಂದಲೇ ಎಷ್ಟೋ ಅಧ್ಯಯನಗಳಲ್ಲಿ ಜನ ಅರ್ಧಕ್ಕೆ ಬಿಟ್ಟುಹೋಗುತ್ತಾರೆ, ಸಂಶೋಧಕರು ಅದನ್ನು ಜನರ ಅಸಹಕಾರ ಎಂದು ಬರೆದುಕೊಳ್ಳುತ್ತಾರೆ.

ಸಿಟಿಆರ್‌ಐ ದಾಖಲೆಯ ಅಂಕಣಗಳನ್ನು ಮೇಲಿನಿಂದ ಕೆಳಗೆ ಒಮ್ಮೆ ಓದಿ ನೋಡಿ. ಮುಖ್ಯ ಸಂಶೋಧಕರ ವಿವರ, ಪ್ರಾಯೋಜಕರು, ಹಣದ ಮೂಲ, ಸ್ಥಳಗಳು, ನೈತಿಕ ಸಮಿತಿ, ಔಷಧ ನಿಯಂತ್ರಕರ ಅನುಮತಿ, ಗುಂಪುಗಳಿಗೆ ಹಂಚುವ ವಿಧಾನ, ಯಾರಿಗೆ ಯಾವ ಔಷಧ ಎಂಬುದನ್ನು ಮರೆಮಾಡುವ ಕ್ರಮ, ಏನನ್ನು ಅಳೆಯುತ್ತಾರೆ, ಎಷ್ಟು ಜನ, ಯಾವ ಹಂತ, ದತ್ತಾಂಶವನ್ನು ಇತರರೊಂದಿಗೆ ಹಂಚಿಕೊಳ್ಳುತ್ತಾರೆಯೇ. ಇವೆಲ್ಲ ಬೇಕಾದ ವಿವರಗಳೇ. ಆದರೆ ಈ ಇಡೀ ಪಟ್ಟಿಯಲ್ಲಿ ರೋಗಿ ಕಾಣಿಸಿಕೊಳ್ಳುವುದು ಸೇರ್ಪಡೆಯ ಷರತ್ತುಗಳಲ್ಲಿ ಒಂದು ಸಲ, ಒಟ್ಟು ಸಂಖ್ಯೆಯಲ್ಲಿ ಇನ್ನೊಂದು ಸಲ. ಈ ಅಧ್ಯಯನವನ್ನು ಯೋಜಿಸುವಾಗ ಆ ಕಾಯಿಲೆಯ ರೋಗಿಗಳ ಅಥವಾ ಆ ಸ್ಥಳದ ಸಮುದಾಯದ ಅಭಿಪ್ರಾಯ ಕೇಳಲಾಗಿದೆಯೇ, ಕೇಳಿದ್ದರೆ ಅದರಿಂದ ಏನು ಬದಲಾಯಿತು ಎಂಬ ಒಂದು ಅಂಕಣ ಇಲ್ಲ.

ಅಂಥ ಅಂಕಣದಿಂದ ಏನು ಪ್ರಯೋಜನ, ವಿಜ್ಞಾನ ವಿಜ್ಞಾನಿಗಳಿಗೆ ಬಿಟ್ಟದ್ದಲ್ಲವೇ ಎಂದು ನಮ್ಮ ಸಮಿತಿಯಲ್ಲೇ ಹಿರಿಯರೊಬ್ಬರು ಕೇಳಿದ್ದುಂಟು. ಇದಕ್ಕೆ ಕೀಲುವಾತದ ಸಂಶೋಧನೆಯಲ್ಲಿ ನಡೆದದ್ದನ್ನು ಉತ್ತರವಾಗಿ ಕೊಡಬಹುದು. ರೂಮಟಾಯ್ಡ್ ಸಂಧಿವಾತದ ಔಷಧಗಳನ್ನು ಪರೀಕ್ಷಿಸುವಾಗ ಏನನ್ನು ಅಳೆಯಬೇಕು ಎಂದು ತೀರ್ಮಾನಿಸಲು ಒಮೆರಾಕ್ಟ್ ಎಂಬ ಅಂತರರಾಷ್ಟ್ರೀಯ ತಜ್ಞರ ಕೂಟವಿದೆ. ಊದಿದ ಕೀಲುಗಳ ಎಣಿಕೆ, ನೋವು, ರಕ್ತದಲ್ಲಿನ ಉರಿಯೂತದ ಸೂಚಕಗಳು, ಇಂಥವು ಅವರ ಪಟ್ಟಿಯಲ್ಲಿದ್ದವು. 2002ರ ಸಭೆಗೆ ಮೊದಲ ಬಾರಿ ರೋಗಿಗಳನ್ನೂ ಕರೆದರು. ನಮ್ಮನ್ನು ಹಾಸಿಗೆಗೆ ಕೆಡವುವುದು ನೋವಿನಷ್ಟೇ ಬಳಲಿಕೆಯೂ ಹೌದು, ಅದನ್ನು ನೀವು ಅಳೆಯುವುದೇ ಇಲ್ಲವಲ್ಲ ಎಂಬ ಮಾತನ್ನು ಅಲ್ಲಿ ಮುಂದಿಟ್ಟವರು ಆ ರೋಗಿಗಳು. ದಶಕಗಳ ಕಾಲ ಆ ಕಾಯಿಲೆಯನ್ನೇ ಓದಿದ ತಜ್ಞರ ಪಟ್ಟಿಯಲ್ಲಿ ಬಳಲಿಕೆಗೆ ಜಾಗವಿರಲಿಲ್ಲ. ಮುಂದಿನ ಕೆಲವೇ ವರ್ಷಗಳಲ್ಲಿ, ಸಾಧ್ಯವಿರುವ ಕಡೆಗಳಲ್ಲೆಲ್ಲ ಬಳಲಿಕೆಯನ್ನೂ ಅಳೆಯಬೇಕು ಎಂದು ಅದೇ ಕೂಟ ಒಪ್ಪಿಕೊಂಡಿತು. ಇಂದು ಸಿಟಿಆರ್‌ಐ ದಾಖಲೆಯಲ್ಲಿ ಪ್ರಾಥಮಿಕ ಫಲಿತಾಂಶ ಎಂಬ ಅಂಕಣವನ್ನು ಓದುವಾಗಲೆಲ್ಲ ನನಗೆ ಇದು ನೆನಪಾಗುತ್ತದೆ: ಇಲ್ಲಿ ಬರೆದಿರುವ ಅಳತೆಯನ್ನು ಯಾರು ಆರಿಸಿದರು, ಆ ಕಾಯಿಲೆಯೊಂದಿಗೆ ಬದುಕುವವರನ್ನು ಕೇಳಿದ್ದರೆ ಅವರೂ ಇದನ್ನೇ ಆರಿಸುತ್ತಿದ್ದರೇ? ಮಧುಮೇಹದ ದಾಖಲೆಗಳಲ್ಲಿ ಎಚ್‌ಬಿಎ1ಸಿ ಎಂಬ ರಕ್ತದ ಸಕ್ಕರೆಯ ಅಂಕಿ ಇದ್ದೇ ಇರುತ್ತದೆ. ಪಾದದ ಉರಿಯಿಂದ ರಾತ್ರಿ ನಿದ್ದೆ ಬರುವುದಿಲ್ಲ ಎಂದು ನನ್ನೊಡನೆ ಹೇಳಿಕೊಳ್ಳುವವರ ಮಾತಿಗೆ ಅಲ್ಲಿ ಅಂಕಿ ಸಿಗುವುದು ಅಪರೂಪ.

ಬ್ರಿಟನ್ನಿನಲ್ಲಿ 2004ರಿಂದ ಜೇಮ್ಸ್ ಲಿಂಡ್ ಅಲೈಯನ್ಸ್ ಎಂಬ ವ್ಯವಸ್ಥೆ ಇದೆ. ಒಂದೊಂದು ಕಾಯಿಲೆಗೂ ರೋಗಿಗಳು, ಅವರನ್ನು ನೋಡಿಕೊಳ್ಳುವ ಮನೆಯವರು, ವೈದ್ಯರು ಸಮನಾಗಿ ಕೂತು, ಮುಂದೆ ಸಂಶೋಧನೆ ನಡೆಯಬೇಕಾದ ಹತ್ತು ಮುಖ್ಯ ಪ್ರಶ್ನೆಗಳನ್ನು ಆರಿಸುತ್ತಾರೆ. ಅಮೆರಿಕದಲ್ಲಿ 2010ರ ಆರೋಗ್ಯ ಕಾಯ್ದೆಯ ಅಡಿಯಲ್ಲಿ ರೋಗಿ ಕೇಂದ್ರಿತ ಸಂಶೋಧನೆಗೆಂದೇ ಒಂದು ಸಂಸ್ಥೆಯನ್ನು ಸ್ಥಾಪಿಸಿದರು. ಇವನ್ನು ಹೊರದೇಶದ ಶ್ರೀಮಂತ ವ್ಯವಸ್ಥೆಗಳು ಎಂದು ತಳ್ಳಿಹಾಕುವಂತಿಲ್ಲ, ಏಕೆಂದರೆ ಐಸಿಎಂಆರ್ 2017ರಲ್ಲಿ ಹೊರಡಿಸಿದ ರಾಷ್ಟ್ರೀಯ ನೈತಿಕ ಮಾರ್ಗಸೂಚಿಯೇ ಸಮುದಾಯವನ್ನು ಸಂಶೋಧನೆಯ ಮೊದಲು, ನಡುವೆ ಮತ್ತು ಮುಗಿದ ನಂತರ ತೊಡಗಿಸಿಕೊಳ್ಳುವ ಬಗ್ಗೆ, ಸಮುದಾಯ ಸಲಹಾ ಮಂಡಳಿಗಳ ಬಗ್ಗೆ ಹೇಳುತ್ತದೆ. 2005ರಲ್ಲಿ ಪುಣೆಯ ರಾಷ್ಟ್ರೀಯ ಏಡ್ಸ್ ಸಂಶೋಧನಾ ಸಂಸ್ಥೆಯಲ್ಲಿ ಎಚ್‌ಐವಿ ಲಸಿಕೆಯ ಮೊದಲ ಹಂತದ ಪ್ರಯೋಗ ನಡೆದಾಗ ಅಂಥ ಸಲಹಾ ಮಂಡಳಿಯ ಅನುಭವ ನಮ್ಮ ದೇಶಕ್ಕೆ ಆಗಲೇ ಆಗಿತ್ತು. 2024ರ ಅಕ್ಟೋಬರ್‌ನಲ್ಲಿ ಪರಿಷ್ಕೃತಗೊಂಡ ಹೆಲ್ಸಿಂಕಿ ಘೋಷಣೆಯೂ ಪ್ರಯೋಗಕ್ಕೆ ಒಳಗಾಗುವವರನ್ನು ಭಾಗಿಗಳು ಎಂದು ಕರೆದು, ಅವರನ್ನೂ ಅವರ ಸಮುದಾಯಗಳನ್ನೂ ಅರ್ಥಪೂರ್ಣವಾಗಿ ಒಳಗೊಳ್ಳಬೇಕೆಂದು ಹೇಳಿದೆ. ಹೀಗಿರುವಾಗ ಅದೇ ಐಸಿಎಂಆರ್ ನಡೆಸುವ ನೋಂದಣಿಯಲ್ಲಿ ಈ ವಿಷಯ ಕೇಳುವ ಒಂದೇ ಒಂದು ಸಾಲು ಇಲ್ಲದಿರುವುದು ನನ್ನ ಮಟ್ಟಿಗೆ ಈ ಸೇವೆಯ ಅತಿ ದೊಡ್ಡ ಕೊರತೆ. ಒಂದು ಅಂಕಣವಿದ್ದರೆ ಸಂಶೋಧಕರು ತುಂಬಲೇಬೇಕಾಗುತ್ತದೆ. ‘ಇಲ್ಲ’ ಎಂದು ತುಂಬಿದರೂ ಅದು ದಾಖಲೆಯಾಗಿ ಉಳಿಯುತ್ತದೆ, ಮುಂದಿನ ಸಲ ನೈತಿಕ ಸಮಿತಿಯಲ್ಲಿ ಕೂತ ನನ್ನಂಥವರು ಏಕೆ ಇಲ್ಲ ಎಂದು ಕೇಳಬಹುದು.

ನೈತಿಕ ಸಮಿತಿಯ ವಿಷಯ ಬಂದದ್ದರಿಂದ ಒಂದು ಮಾತು. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ ಸಮಿತಿಯಲ್ಲಿ ಕನಿಷ್ಠ ಏಳು ಸದಸ್ಯರಿರಬೇಕು, ಅರ್ಧದಷ್ಟಾದರೂ ಆ ಸಂಸ್ಥೆಗೆ ಹೊರಗಿನವರಾಗಿರಬೇಕು, ಅವರಲ್ಲಿ ಒಬ್ಬರು ಸಾಮಾನ್ಯ ನಾಗರಿಕರಾಗಿರಬೇಕು, ಒಬ್ಬ ಮಹಿಳೆಯಾದರೂ ಇರಬೇಕು. ಒಬ್ಬ ಸಾಮಾನ್ಯ ನಾಗರಿಕ ಕೂತ ಮಾತ್ರಕ್ಕೆ ಸಮುದಾಯವೇ ಕೂತಂತಾಗುವುದಿಲ್ಲ. ನನಗೆ ಡಯಾಲಿಸಿಸ್ ಗೊತ್ತಿಲ್ಲ, ಹೆರಿಗೆ ಗೊತ್ತಿಲ್ಲ, ಕುಷ್ಠರೋಗದ ಅವಮಾನ ಗೊತ್ತಿಲ್ಲ. ಪ್ರಸ್ತಾವವನ್ನು ಸಿದ್ಧಪಡಿಸಿಕೊಂಡು ನಮ್ಮ ಮುಂದೆ ಬರುವ ಹೊತ್ತಿಗೆ ಮುಖ್ಯ ತೀರ್ಮಾನಗಳೆಲ್ಲ ಆಗಿರುತ್ತವೆ. ಒಪ್ಪಿಗೆ ಪತ್ರದ ಕನ್ನಡವನ್ನು ತಿದ್ದಿಸುವುದು, ಪ್ರಯಾಣದ ಖರ್ಚು ಸೇರಿಸಿ ಎಂದು ಹೇಳುವುದು, ಇಷ್ಟು ಸಾಧ್ಯವಾಗುತ್ತದೆ.

ದಾಖಲೆ ಸರಿಯಿದ್ದು ಊರಿನಲ್ಲಿ ನಡೆದದ್ದು ಬೇರೆಯೇ ಆಗಿರುವ ಸಾಧ್ಯತೆಯನ್ನೂ ಮರೆಯಬಾರದು. 2009ರಲ್ಲಿ ಆಗಿನ ಆಂಧ್ರಪ್ರದೇಶದ ಖಮ್ಮಂ ಜಿಲ್ಲೆಯಲ್ಲಿ ಮತ್ತು ಗುಜರಾತಿನ ವಡೋದರಾದಲ್ಲಿ ಪಾಥ್ ಎಂಬ ಅಮೆರಿಕದ ಸಂಸ್ಥೆ ಐಸಿಎಂಆರ್ ಮತ್ತು ರಾಜ್ಯ ಸರ್ಕಾರಗಳೊಂದಿಗೆ ಸೇರಿ ಸಾವಿರಾರು ಹೆಣ್ಣುಮಕ್ಕಳಿಗೆ ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆ ಹಾಕಿಸಿತು. ಕೆಲವು ಹುಡುಗಿಯರ ಸಾವಿನ ಸುದ್ದಿ ಬಂದ ಮೇಲೆ 2010ರ ಏಪ್ರಿಲ್‌ನಲ್ಲಿ ಅದನ್ನು ನಿಲ್ಲಿಸಲಾಯಿತು. ತನಿಖೆಯಲ್ಲಿ ಆ ಸಾವುಗಳಿಗೂ ಲಸಿಕೆಗೂ ಸಂಬಂಧವಿದ್ದುದು ಕಂಡುಬರಲಿಲ್ಲ. ಲಸಿಕೆ ಒಳ್ಳೆಯದು ಎಂಬುದರಲ್ಲಿ ನನಗೂ ಅನುಮಾನವಿಲ್ಲ. ಆದರೆ 2013ರ ಆಗಸ್ಟ್‌ನಲ್ಲಿ ಬಂದ ಸಂಸದೀಯ ಸ್ಥಾಯಿ ಸಮಿತಿಯ ವರದಿ ಒಪ್ಪಿಗೆ ಪಡೆದ ರೀತಿಯನ್ನು ಕಟುವಾಗಿ ಟೀಕಿಸಿತು. ಹಾಸ್ಟೆಲಿನ ವಾರ್ಡನ್ನರು, ಮುಖ್ಯೋಪಾಧ್ಯಾಯರು ತಂದೆತಾಯಿಯ ಬದಲು ರುಜು ಹಾಕಿದ್ದರು. ಮೂರು ದಶಕ ಶಾಲೆಯಲ್ಲಿ ಪಾಠ ಮಾಡಿದ ನನಗೆ ಈ ವಿವರ ಇವತ್ತಿಗೂ ಚುಚ್ಚುತ್ತದೆ, ಏಕೆಂದರೆ ಆದಿವಾಸಿ ಹುಡುಗಿಯ ತಂದೆತಾಯಿ ಎಷ್ಟು ದೂರದ ಹಾಡಿಯಲ್ಲಿದ್ದರೂ ಅವರನ್ನು ಕೇಳದೆ ಅವಳ ಪರವಾಗಿ ಸಹಿ ಹಾಕುವ ಹಕ್ಕು ಮೇಷ್ಟರಿಗಿಲ್ಲ. ಸಿಟಿಆರ್‌ಐ ದಾಖಲೆಯಲ್ಲಿ ನೈತಿಕ ಸಮಿತಿಯ ಒಪ್ಪಿಗೆ ದೊರೆತಿದೆ ಎಂದು ಓದಿದಾಗ, ಅದು ಸಮಿತಿಯ ಒಪ್ಪಿಗೆಯೇ ಹೊರತು ಜನರ ಒಪ್ಪಿಗೆಯನ್ನು ಹೇಗೆ ಪಡೆದರು ಎಂಬುದರ ಸಾಕ್ಷಿಯಲ್ಲ ಎಂದು ತಿಳಿದಿರಬೇಕು.

ಇನ್ನು ಫಲಿತಾಂಶದ ಮಾತು. ನಮ್ಮ ರಾಜ್ಯದ ಹೆಮ್ಮೆಯ ಒಂದು ಅಧ್ಯಯನ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ 2002ರಿಂದ 2005ರವರೆಗೆ ನಡೆಯಿತು. ಮನೆಯಲ್ಲೋ ಉಪಕೇಂದ್ರದಲ್ಲೋ ಹೆರಿಗೆಯಾಗುವ 1620 ಮಹಿಳೆಯರಲ್ಲಿ ಅರ್ಧದಷ್ಟು ಜನರಿಗೆ ಎಎನ್‌ಎಂ ದಾದಿಯರು ಮಿಸೊಪ್ರೊಸ್ಟಾಲ್ ಮಾತ್ರೆ ಕೊಟ್ಟರು, ಉಳಿದವರಿಗೆ ಔಷಧವಿಲ್ಲದ ಮಾತ್ರೆ. ಹೆರಿಗೆಯ ನಂತರದ ಅಧಿಕ ರಕ್ತಸ್ರಾವಕ್ಕೆ ತುತ್ತಾದವರ ಪ್ರಮಾಣ ಶೇ 12ರಿಂದ ಶೇ 6.4ಕ್ಕೆ ಇಳಿಯಿತು. 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಬಳಕೆಗಾಗಿ ಮಿಸೊಪ್ರೊಸ್ಟಾಲನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಬೇರೆ ಖಂಡಗಳ ಬಾಣಂತಿಯರ ಜೀವ ಉಳಿಸುವ ತಿಳಿವಳಿಕೆಗೆ ಬೆಳಗಾವಿಯ ಹಳ್ಳಿಯ ತಾಯಂದಿರು ತಮ್ಮ ಹೆರಿಗೆಯ ಹೊತ್ತನ್ನೇ ಕೊಟ್ಟರು. ಆಗ ಸಿಟಿಆರ್‌ಐ ಇರಲಿಲ್ಲ, ಆ ಅಧ್ಯಯನ ಅಮೆರಿಕದ ನೋಂದಣಿಯಲ್ಲಿದೆ. ಆ ಮೇಲೂ ಬೆಳಗಾವಿಯ ತಾಯಂದಿರು ಹಲವು ದೇಶಗಳ ದೊಡ್ಡ ಪ್ರಯೋಗಗಳಲ್ಲಿ ಭಾಗಿಗಳಾಗಿದ್ದಾರೆ; ಹೆರಿಗೆ ನೋವಿನ ಸಮಯದಲ್ಲಿ ಅಜಿಥ್ರೊಮೈಸಿನ್ ಕೊಟ್ಟು ಏಳು ದೇಶಗಳ 29 ಸಾವಿರಕ್ಕೂ ಹೆಚ್ಚು ಮಹಿಳೆಯರಲ್ಲಿ ನಡೆಸಿದ, 2023ರಲ್ಲಿ ಪ್ರಕಟವಾದ ಅಧ್ಯಯನ ಅವುಗಳಲ್ಲಿ ಒಂದು.

ಇಂಥ ಕೊಡುಗೆ ನೀಡಿದವರಿಗೆ ‘ನಿಮ್ಮಿಂದ ಇದು ತಿಳಿಯಿತು’ ಎಂದು ಹೇಳುವ ಸಾಧನವಾಗಿ ನಮ್ಮ ನೋಂದಣಿ ಬೆಳೆಯಬೇಕಿತ್ತು. ದಾಖಲೆಯಲ್ಲಿ ಪ್ರಕಟಣೆಯ ವಿವರ ಎಂಬ ಅಂಕಣವೇನೋ ಇದೆ. ನಾನು ತೆರೆದು ನೋಡಿದ, ಮುಗಿದು ವರ್ಷಗಳಾದ ಅಧ್ಯಯನಗಳ ಬಹಳಷ್ಟು ದಾಖಲೆಗಳಲ್ಲಿ ಅಲ್ಲಿ ‘ಇಲ್ಲ’ ಎಂದೋ ‘ಇನ್ನೂ ಇಲ್ಲ’ ಎಂದೋ ಇರುತ್ತದೆ. ಲಿಂಕ್ ಕೊಟ್ಟಿದ್ದರೂ ಅದು ಹೋಗುವುದು ಇಂಗ್ಲಿಷಿನ ಪತ್ರಿಕಾ ಲೇಖನಕ್ಕೆ. ಯುರೋಪಿಯನ್ ಒಕ್ಕೂಟದಲ್ಲಿ 2022ರ ಜನವರಿ 31ರಿಂದ ಜಾರಿಯಲ್ಲಿರುವ ಕಾನೂನಿನಂತೆ, ಔಷಧ ಪ್ರಯೋಗ ಮುಗಿದ ಒಂದು ವರ್ಷದೊಳಗೆ ಫಲಿತಾಂಶದ ಸಾರಾಂಶವನ್ನು ಸಾಮಾನ್ಯ ಜನರಿಗೆ ಅರ್ಥವಾಗುವ ಮಾತಿನಲ್ಲಿ ಬರೆದು ಸಾರ್ವಜನಿಕ ದತ್ತಾಂಶ ಕೋಶಕ್ಕೆ ಸೇರಿಸಬೇಕು. ಒಂದೇ ಪುಟ ಸಾಕು. ಬೆಳಗಾವಿಯಲ್ಲಿ ನಡೆದ ಅಧ್ಯಯನದ ಸಾರಾಂಶ ಕನ್ನಡದಲ್ಲೂ ಮರಾಠಿಯಲ್ಲೂ, ಕಲಬುರಗಿಯದ್ದು ಕನ್ನಡದಲ್ಲೂ ಉರ್ದುವಿನಲ್ಲೂ ಇದ್ದರೆ ಆಶಾ ಕಾರ್ಯಕರ್ತೆಯರು ಅದನ್ನು ವಾಟ್ಸ್‌ಆ್ಯಪ್‌ನಲ್ಲಿ ಹಂಚಬಲ್ಲರು. ಒಪ್ಪಿಗೆ ಪತ್ರವನ್ನು ಸ್ಥಳೀಯ ಭಾಷೆಯಲ್ಲಿ ಕಡ್ಡಾಯ ಮಾಡಿರುವ ನಾವು ಫಲಿತಾಂಶವನ್ನು ಅದೇ ಭಾಷೆಯಲ್ಲಿ ಏಕೆ ಕೇಳುತ್ತಿಲ್ಲ ಎಂಬುದಕ್ಕೆ ನನಗೆ ಸಮಾಧಾನಕರವಾದ ಉತ್ತರ ಇದುವರೆಗೆ ಸಿಕ್ಕಿಲ್ಲ.

ಸಣ್ಣಪುಟ್ಟ ತೊಡಕುಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ದಾಖಲೆಗಳೆಲ್ಲ ಇಂಗ್ಲಿಷಿನಲ್ಲಿವೆ. ಊರಿನ ಹೆಸರು ಹಾಕಿ ಹುಡುಕುವವರು ಬೆಳಗಾವಿಯ ಜೊತೆಗೆ ಬೆಲ್ಗಾಂ, ಮೈಸೂರಿನ ಹಳೆಯ ಮತ್ತು ಹೊಸ ಕಾಗುಣಿತ, ಎರಡನ್ನೂ ಪ್ರಯತ್ನಿಸಬೇಕು. ಮೊಬೈಲಿನಲ್ಲಿ ಉದ್ದನೆಯ ಕೋಷ್ಟಕವನ್ನು ಓದುವುದು ಕಣ್ಣಿಗೆ ಶ್ರಮ, ಪಿಡಿಎಫ್ ಇಳಿಸಿಕೊಂಡು ಓದುವುದು ಮೇಲು. ‘ಇನ್ನೂ ರೋಗಿಗಳನ್ನು ಸೇರಿಸಿಕೊಂಡಿಲ್ಲ’ ಎಂಬ ಸ್ಥಿತಿ ಮುಗಿದುಹೋದ ಅಧ್ಯಯನಗಳಲ್ಲೂ ಬದಲಾಗದೆ ನಿಂತಿರುವುದುಂಟು, ಆದ್ದರಿಂದ ಕೊನೆಯ ಬಾರಿ ತಿದ್ದಿದ ದಿನಾಂಕವನ್ನು ಗಮನಿಸಬೇಕು. ಸಾರ್ವಜನಿಕ ವಿಚಾರಣೆಗೆ ಕೊಟ್ಟ ಸಂಖ್ಯೆ ವಿದ್ಯಾರ್ಥಿಯದ್ದಾಗಿದ್ದು, ಆತ ಓದು ಮುಗಿಸಿ ಹೋದ ಮೇಲೆ ಆ ಕರೆಗೆ ಯಾರೂ ಉತ್ತರಿಸದೆ ಇರುವುದನ್ನೂ ಕಂಡಿದ್ದೇನೆ. ಸಾರ್ವಜನಿಕ ಶೀರ್ಷಿಕೆ ಎಂದು ಪ್ರತ್ಯೇಕ ಅಂಕಣವಿದ್ದರೂ ಅನೇಕರು ಅದರಲ್ಲಿ ವೈಜ್ಞಾನಿಕ ಶೀರ್ಷಿಕೆಯನ್ನೇ ಎರಡು ಪದ ಕಡಿಮೆ ಮಾಡಿ ತುಂಬಿರುತ್ತಾರೆ. ನೋಂದಣಿಯ ಸಿಬ್ಬಂದಿ ಅರ್ಜಿಗಳನ್ನು ಪರಿಶೀಲಿಸಿಯೇ ಸ್ವೀಕರಿಸುವುದರಿಂದ, ಇದೊಂದನ್ನು ವಾಪಸು ಕಳಿಸಿ ತಿದ್ದಿಸುವುದು ಅವರಿಗೆ ದೊಡ್ಡ ಹೊರೆಯಾಗಲಾರದು.

ನೋಂದಣಿಯ ವ್ಯಾಪ್ತಿಗೆ ಬಾರದ ಕಡೆಗಳಲ್ಲಿ ಸಮುದಾಯವನ್ನು ಸೇರಿಸಿಕೊಂಡ ಒಳ್ಳೆಯ ಕೆಲಸ ನಮ್ಮಲ್ಲೇ ನಡೆದಿದೆ ಎಂಬುದನ್ನೂ ಹೇಳಬೇಕು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನ ಸುತ್ತ ಪತ್ತೆಯಾದ ಮಂಗನ ಕಾಯಿಲೆಯ ಬಗ್ಗೆ ಮಂಕಿ ಫೀವರ್ ರಿಸ್ಕ್ ಎಂಬ ಹೆಸರಿನ ಯೋಜನೆಯಲ್ಲಿ ಸಂಶೋಧಕರು ಆರೋಗ್ಯ, ಪಶುವೈದ್ಯ, ಅರಣ್ಯ ಇಲಾಖೆಗಳವರನ್ನು ಜೊತೆಗೆ ಕೂರಿಸಿಕೊಂಡು, ರೋಗ ಎಲ್ಲಿ ಕಾಣಿಸಿಕೊಳ್ಳಬಹುದು ಎಂಬ ನಕ್ಷೆಯನ್ನು ರೂಪಿಸಿದರು. 2020ರಲ್ಲಿ ಅದು ಪ್ರಕಟವಾಯಿತು. ಕಾಡಿಗೆ ದನ ಅಟ್ಟುವವರು, ದರಗು ತರುವವರು, ತೋಟದ ಕೆಲಸಕ್ಕೆ ಹೋಗುವವರು ಯಾವ ತಿಂಗಳಲ್ಲಿ ಎಲ್ಲಿ ಓಡಾಡುತ್ತಾರೆ ಎಂಬುದು ರೋಗ ಹರಡುವ ಉಣ್ಣೆ ಹುಳುವಿನ ಲೆಕ್ಕದಷ್ಟೇ ಮುಖ್ಯವಾದ ಮಾಹಿತಿ. ಮಲೆನಾಡಿನಲ್ಲಿ ಹಳೆಯ ಲಸಿಕೆಯ ಬಳಕೆ ನಿಂತುಹೋಗಿ ಹೊಸ ಲಸಿಕೆಗಾಗಿ ಜನ ಕಾಯುತ್ತಿರುವ ಈ ಹೊತ್ತಿನಲ್ಲಿ, ಅದರ ಪ್ರಯೋಗದ ದಾಖಲೆಯನ್ನು ತೀರ್ಥಹಳ್ಳಿ, ಸಾಗರ, ಸಿದ್ದಾಪುರದವರು ತೆರೆದು ಓದುವಂತಾಗಬೇಕು, ತಮ್ಮನ್ನು ಕೇಳಿ ಬರೆದದ್ದು ಯಾವುದು ಎಂದು ಅದರಲ್ಲಿ ಗುರುತಿಸುವಂತಿರಬೇಕು.

ಯಾರಿಗೆ ಈ ಸೇವೆಯನ್ನು ಶಿಫಾರಸು ಮಾಡುತ್ತೇನೆ ಎಂದರೆ, ಸಂಶೋಧನೆಗೆ ಸೇರುವಂತೆ ಕೇಳಲಾದ ಪ್ರತಿಯೊಬ್ಬರಿಗೂ, ಮತ್ತು ಅವರ ಮನೆಯಲ್ಲಿ ಇಂಗ್ಲಿಷ್ ಓದಬಲ್ಲ ಮಗನಿಗೋ ಮಗಳಿಗೋ. ಸಹಿ ಹಾಕುವ ಮುನ್ನ ಸಿಟಿಆರ್‌ಐ ಸಂಖ್ಯೆಯನ್ನು ಬರೆದುಕೊಡಿ ಎಂದು ಕೇಳಿ. ಈಗಿನ ಸಂಖ್ಯೆಗಳಲ್ಲಿ ವರ್ಷ ಮತ್ತು ತಿಂಗಳು ಅಡಕವಾಗಿರುವುದರಿಂದ ಎಂದಿನದು ಎಂಬುದು ನೋಡಿದೊಡನೆ ತಿಳಿಯುತ್ತದೆ. ನೋಂದಣಿಯಾದ ದಿನ ಮೊದಲ ರೋಗಿಯನ್ನು ಸೇರಿಸಿಕೊಂಡ ದಿನಕ್ಕಿಂತ ಮುಂಚಿನದೇ ನೋಡಿ. ನೀವಿರುವ ಆಸ್ಪತ್ರೆಯ ಹೆಸರು ಸ್ಥಳಗಳ ಪಟ್ಟಿಯಲ್ಲಿದೆಯೇ, ಅದರ ಎದುರಿನ ನೈತಿಕ ಸಮಿತಿ ಒಪ್ಪಿಗೆ ಕೊಟ್ಟಿದೆಯೇ ನೋಡಿ. ನಿಮಗೆ ಸಿಗಬಹುದಾದ ಎರಡನೆಯ ಗುಂಪಿನ ಚಿಕಿತ್ಸೆ ಏನು ಎಂಬುದನ್ನು ಮೊದಲನೆಯದರಷ್ಟೇ ಗಮನವಿಟ್ಟು ಓದಿ. ಪ್ರಯೋಗದಿಂದ ತೊಂದರೆಯಾದರೆ ಉಚಿತ ಚಿಕಿತ್ಸೆ ಮತ್ತು ಪರಿಹಾರದ ವಿಷಯ ದಾಖಲೆಯಲ್ಲಿ ಸಿಗುವುದಿಲ್ಲ, ಅದನ್ನು ಒಪ್ಪಿಗೆ ಪತ್ರದಲ್ಲಿ ಹುಡುಕಬೇಕು. ಆ ಪತ್ರದ ಒಂದು ಪ್ರತಿ ನಿಮಗೆ ಸಲ್ಲಬೇಕಾದದ್ದು, ಕೇಳಿ ಪಡೆದುಕೊಳ್ಳಿ. ಸಾರ್ವಜನಿಕ ವಿಚಾರಣೆಯ ಸಂಖ್ಯೆಗೆ ಕರೆ ಮಾಡಲು ಸಂಕೋಚ ಬೇಡ. ಆ ಅಂಕಣ ಇರುವುದೇ ನಿಮಗಾಗಿ, ಮತ್ತು ಈ ಅಧ್ಯಯನ ರೂಪಿಸುವಾಗ ನಮ್ಮಂಥ ರೋಗಿಗಳನ್ನು ಕೇಳಿದ್ದಿರಾ ಎಂಬ ಪ್ರಶ್ನೆಯನ್ನು, ಅದಕ್ಕೆ ಪ್ರತ್ಯೇಕ ಅಂಕಣ ಬರುವವರೆಗೆ, ಅಲ್ಲಿಯೇ ಕೇಳಬೇಕು.